ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ

(ಮಹಿಳಾ ಸ್ವಸಹಾಯ ಸಂಘಗಳ ಮಹಾಸಂಘದ ಸಭೆಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ನೀಡಿದ ಮಾಹಿತಿ ಭಾಷಣ)



ಯಾವಾಗಲೂ ಉಳಿತಾಯ, ಸಾಲ ಮರುಪಾವತಿ, ಪುಸ್ತಕ ಬರೆಯುವ ವಿಷಯ ಮಾತಾಡುತ್ತೇವೆ. ಇವತ್ತು ನೀರಿನ ವಿಷಯ ತೆಗೆದುಕೊಂಡಿದ್ದೇನೆ. ಅದಕ್ಕೆ ಕಾರಣ ಉಂಟು. ಇತ್ತೀಚೆಗೆ ಸಂಘಗಳ ಭೇಟಿಗೆ ಹೋದಲ್ಲೆಲ್ಲ ಎರಡು ಪ್ರಶ್ನೆ ಕೇಳಿ ಬರುತ್ತಿವೆ. ಒಂದು: "ಸಿಸ್ಟರ್, ನುಗ್ಗೆ ಬೀಜದ ಪುಡಿ ಹಾಕಿದ್ರೆ ಎಂಥ ಕೊಳಕು ನೀರೂ ಶುದ್ಧ ಆಗ್ತದಂತೆ, ಮೊಬೈಲಿನಲ್ಲಿ ಬಂದಿದೆ. ಕಸದ ಯಾರ್ಡಿನ ಹತ್ತಿರ ಇರುವ ನಮ್ಮ ಬಾವಿಗೆ ಹಾಕಬಹುದಾ?" ಇನ್ನೊಂದು: "ಆ ಪುಡಿ ಮಾಡುವ ಘಟಕಕ್ಕೆ ಸಂಘದಿಂದ ಸಾಲ ತೆಗೆಯಬಹುದಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಾವಿಗೆ ಹಾಕಬೇಡಿ. ಸಾಲ ಈಗ ಬೇಡ. ಆದರೆ ನುಗ್ಗೆ ಬೀಜದ ಗುಣ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜ. ಎಷ್ಟು ನಿಜ, ಎಲ್ಲಿಯವರೆಗೆ ನಿಜ ಎಂಬುದನ್ನು ಇವತ್ತು ಒಟ್ಟಿಗೆ ತಿಳಿದುಕೊಳ್ಳೋಣ.

ಕಸದ ರಸ ಎಂದರೇನು?

ಅಡುಗೆ ಮನೆಯ ಹಸಿ ಕಸವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಎರಡು ದಿನ ಇಟ್ಟರೆ ಅಡಿಯಲ್ಲಿ ಕಪ್ಪು ನೀರು ಇಳಿಯುತ್ತದಲ್ಲ? ಅದೇ. ಊರಿನ ಕಸವನ್ನೆಲ್ಲ ಗುಡ್ಡದ ಹಾಗೆ ರಾಶಿ ಹಾಕಿದಾಗ, ಹಸಿ ಕಸ ಕೊಳೆತ ನೀರು ಮತ್ತು ಮೇಲಿಂದ ಬಿದ್ದ ಮಳೆ ನೀರು ಎರಡೂ ಸೇರಿ ಕಸದ ಒಳಗಿಂದ ಇಳಿದು ಬರುತ್ತದೆ. ಬರುವಾಗ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ತೊಳೆದುಕೊಂಡು ಬರುತ್ತದೆ: ಕೊಳೆತ ಪದಾರ್ಥ, ಉಪ್ಪು, ಅಮೋನಿಯಾ, ಬ್ಯಾಟರಿ ಸೆಲ್ಲುಗಳ ಲೋಹ, ಪೇಂಟು, ಔಷಧಿ, ರೋಗಾಣು. ಇದಕ್ಕೆ ಇಂಜಿನಿಯರುಗಳು ಲೀಚೇಟ್ ಅನ್ನುತ್ತಾರೆ. ನಾವು ಕಸದ ರಸ ಎನ್ನೋಣ.

ನಮ್ಮ ಕರಾವಳಿಯವರಿಗೆ ಇದು ದೂರದ ಕಥೆ ಅಲ್ಲ. 2019ರ ಆಗಸ್ಟ್ ತಿಂಗಳ ಜೋರು ಮಳೆಗೆ ಮಂಗಳೂರಿನ ಪಚ್ಚನಾಡಿ ಡಂಪಿಂಗ್ ಯಾರ್ಡಿನ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಪ್ರದೇಶದ ಮೇಲೆ ಬಂತು. ಮನೆ, ಅಡಿಕೆ ತೋಟ, ತೆಂಗಿನ ತೋಟ ಕಸದ ಅಡಿಗೆ ಹೋದವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಡಬೇಕಾಯಿತು. ಕಸ ಕಣ್ಣಿಗೆ ಕಂಡಿತು. ಆದರೆ ಅದರ ರಸ ಬಾವಿಗಳಿಗೆ ಇಳಿದು, ತೋಡಿನ ಮೂಲಕ ಫಲ್ಗುಣಿ ನದಿಯ ಕಡೆಗೂ ಹರಿಯಿತು. ಬೆಂಗಳೂರಿನ ಕಸ ಹೋಗುತ್ತಿದ್ದ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಯಲ್ಲಿ ಊರಿನವರ ಹೋರಾಟದಿಂದ ಲಾರಿ ಬರುವುದು ನಿಂತಿತು. ಆದರೆ ಒಂದು ಮಾತು ನೆನಪಿಡಿ: ಲಾರಿ ಬರುವುದು ನಿಂತರೂ ರಸ ಇಳಿಯುವುದು ಕೂಡಲೇ ನಿಲ್ಲುವುದಿಲ್ಲ. ಹಳೇ ಕಸದಿಂದ ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ.

ಹೆಪ್ಪು ಹಾಕುವ ಬೀಜಗಳು

ಕೆಸರು ನೀರನ್ನು ಕೊಡಪಾನದಲ್ಲಿಟ್ಟರೆ ದಪ್ಪ ಮಣ್ಣು ಬೇಗ ತಳಕ್ಕೆ ಹೋಗುತ್ತದೆ. ಸಣ್ಣ ಕಣ ಮಾತ್ರ ದಿನವಿಡೀ ಇಟ್ಟರೂ ತೇಲಿಕೊಂಡೇ ಇರುತ್ತದೆ. ಏಕೆಂದರೆ ಆ ಸಣ್ಣ ಕಣಗಳ ಮೇಲೆ ಋಣ ವಿದ್ಯುತ್ ಇರುತ್ತದೆ. ಒಂದೇ ಜಾತಿಯ ವಿದ್ಯುತ್ ಇರುವವು ಒಂದನ್ನೊಂದು ದೂಡುತ್ತವೆ, ಹತ್ತಿರ ಸೇರುವುದಿಲ್ಲ. ಅದಕ್ಕೆ ಧನ ವಿದ್ಯುತ್ ಇರುವ ವಸ್ತು ಹಾಕಿದರೆ ಜಗಳ ನಿಲ್ಲುತ್ತದೆ, ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗಿ, ಭಾರವಾಗಿ ತಳಕ್ಕೆ ಇಳಿಯುತ್ತವೆ. ಹಾಲಿಗೆ ನಿಂಬೆ ರಸ ಹಾಕಿದಾಗ ಒಡೆದು ಗಟ್ಟಿ ಬೇರೆ, ನೀರು ಬೇರೆ ಆಗುತ್ತದಲ್ಲ, ನೋಡಲಿಕ್ಕೆ ಸುಮಾರು ಹಾಗೆಯೇ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಇದಕ್ಕೆ ಪಟಿಕ ಉಜ್ಜುತ್ತಿದ್ದರು. ನಗರದ ನೀರು ಶುದ್ಧೀಕರಣ ಘಟಕಗಳಲ್ಲಿಯೂ ಪಟಿಕವನ್ನೇ ಹಾಕುತ್ತಾರೆ. ಅದೇ ಕೆಲಸ ಮಾಡುವ ಗಿಡಮೂಲದ ವಸ್ತುಗಳೂ ಉಂಟು.

ಮೊದಲನೆಯದು ನುಗ್ಗೆ ಬೀಜ. ಇದರಲ್ಲಿ ನೀರಿನಲ್ಲಿ ಕರಗುವ, ಧನ ವಿದ್ಯುತ್ ಇರುವ ಪ್ರೊಟೀನ್ ಉಂಟು. ಆಫ್ರಿಕಾದ ಸುಡಾನಿನಲ್ಲಿ ನೈಲ್ ನದಿಯ ಕೆಸರು ನೀರನ್ನು ಹಳ್ಳಿ ಹೆಂಗಸರು ನುಗ್ಗೆ ಬೀಜ ಹಾಕಿ ತಿಳಿ ಮಾಡುತ್ತಿದ್ದರು. ಸಮಿಯಾ ಅಲ್ ಅಝರಿಯಾ ಜಾನ್ ಎಂಬ ಜರ್ಮನ್ ಸಂಶೋಧಕಿ 1970ರ ದಶಕದಿಂದ ಆ ಹೆಂಗಸರ ಪದ್ಧತಿಯನ್ನು ಬರೆದು, ಪರೀಕ್ಷಿಸಿ ಲೋಕಕ್ಕೆ ತಿಳಿಸಿದರು. 1990ರ ದಶಕದಲ್ಲಿ ಮಲಾವಿ ದೇಶದ ಥ್ಯೋಲೊ ಎಂಬಲ್ಲಿ ಊರಿಗೆ ನೀರು ಕೊಡುವ ಘಟಕದಲ್ಲಿಯೇ ಇದನ್ನು ಪ್ರಯೋಗಿಸಿ ನೋಡಿದರು. ನೋಡಿ, ಇದು ಪ್ರಯೋಗಾಲಯದಲ್ಲಿ ಹುಟ್ಟಿದ ವಿದ್ಯೆ ಅಲ್ಲ. ನಮ್ಮಂಥ ಹೆಂಗಸರ ಅಡುಗೆ ಮನೆಯಿಂದ ಪ್ರಯೋಗಾಲಯಕ್ಕೆ ಹೋದ ವಿದ್ಯೆ.

ಎರಡನೆಯದು ಕತಕ ಬೀಜ. ಕೆಲವು ಕಡೆ ಚಿಲ್ಲದ ಬೀಜ ಅನ್ನುತ್ತಾರೆ. ಮಡಕೆಯ ಒಳಮೈಗೆ ಈ ಬೀಜ ತೇಯ್ದು ನೀರು ತುಂಬಿಸುವ ಪದ್ಧತಿ ನಮ್ಮ ದೇಶದಲ್ಲಿ ಬಹಳ ಹಳೆಯದು, ಸುಶ್ರುತ ಸಂಹಿತೆಯಲ್ಲಿಯೂ ಇದರ ಹೆಸರುಂಟು. ಇಲ್ಲಿ ಒಂದು ಎಚ್ಚರಿಕೆ: ನಮ್ಮ ಗುಡ್ಡಗಳಲ್ಲಿ ಬೆಳೆಯುವ ಕಾಸರ್ಕ ಇದೇ ಜಾತಿಯ ಮರ. ಕಾಸರ್ಕದ ಬೀಜ ವಿಷ. ಗುರುತು ತಿಳಿಯದೆ ಕಾಡಿನಿಂದ ಬೀಜ ಹೆಕ್ಕಿ ತಂದು ನೀರಿಗೆ ಹಾಕುವ ಸಾಹಸ ಖಂಡಿತ ಬೇಡ.

ಇನ್ನು ಹುಣಸೆ ಬೀಜದ ಪುಡಿ, ಬೆಂಡೆಕಾಯಿ ಲೋಳೆ, ಪಾಪಸ್‌ಕಳ್ಳಿ, ಮರಗೆಣಸಿನ ಗಂಜಿ ಇವೆಲ್ಲ ಅಂಟಿನ ಗುಣದಿಂದ ಕಣಗಳನ್ನು ಹಿಡಿದು ಕೂಡಿಸುತ್ತವೆ. ನಾವು ತಲೆ ಸ್ನಾನಕ್ಕೆ ಬಳಸುವ ದಾಸವಾಳದ ಎಲೆಯ ಲೋಳೆಯೂ ಈ ಕೆಲಸ ಮಾಡುತ್ತದೆ.

ನೀವೇ ಮಾಡಿ ನೋಡಿ

ನನ್ನ ಮಾತು ನಂಬಬೇಡಿ, ಸಂಘದ ಸಭೆಯಲ್ಲಿ ಮಾಡಿ ನೋಡಿ. ಮರದಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದ ನುಗ್ಗೆಕಾಯಿಯ ಬೀಜ ತೆಗೆಯಿರಿ. ಹೊರಸಿಪ್ಪೆ ಸುಲಿದು ಒಳಗಿನ ಬಿಳಿ ತಿರುಳನ್ನು ನಯವಾಗಿ ಪುಡಿ ಮಾಡಿ. ಮೂರು ಗಾಜಿನ ಭರಣಿಯಲ್ಲಿ ಒಂದೊಂದು ಲೀಟರ್ ಗದ್ದೆಯ ಕೆಸರು ನೀರು ಹಾಕಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಒಂದು ಬೀಜದ ಪುಡಿ, ಮೂರನೆಯದಕ್ಕೆ ಎರಡು ಬೀಜದ ಪುಡಿ. ಪುಡಿಯನ್ನು ಮೊದಲು ಸ್ವಲ್ಪ ಶುದ್ಧ ನೀರಿನಲ್ಲಿ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ ಆ ಹಾಲಿನಂಥ ನೀರನ್ನು ಹಾಕಿ. ಒಂದು ನಿಮಿಷ ಜೋರಾಗಿ ತಿರುಗಿಸಿ. ನಂತರ ಹತ್ತು ನಿಮಿಷ ನಿಧಾನವಾಗಿ ತಿರುಗಿಸಿ. ಆಮೇಲೆ ಅಲುಗಾಡಿಸದೆ ಎರಡು ಗಂಟೆ ಬಿಡಿ.

ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ. ಕೆಸರಿನ ಜೊತೆ ಅದಕ್ಕೆ ಅಂಟಿದ ಬ್ಯಾಕ್ಟೀರಿಯಾಗಳೂ ಬಹುಪಾಲು ತಳಕ್ಕೆ ಹೋಗುತ್ತವೆ, ಪೂರ್ತಿ ಅಲ್ಲ. ಹಾಗಾಗಿ ಕೆರೆ ನೀರನ್ನು ಹೀಗೆ ತಿಳಿ ಮಾಡಿದರೂ ಕುದಿಸದೆ ಕುಡಿಯಬಾರದು. ಅದೇ ದಿನ ಬಳಸಿ ಮುಗಿಸಬೇಕು, ಏಕೆಂದರೆ ಬೀಜದ ಅಂಶ ನೀರಿನಲ್ಲಿ ಉಳಿದು ಮರುದಿನ ವಾಸನೆ ಬರುತ್ತದೆ. ಇಂಜಿನಿಯರುಗಳೂ ಇದನ್ನೇ ಮಾಡುತ್ತಾರೆ. ಅವರು ಇದಕ್ಕೆ ಜಾರ್ ಟೆಸ್ಟ್ ಅನ್ನುತ್ತಾರೆ. ಯಾವ ನೀರಿಗೆ ಎಷ್ಟು ಹಾಕಬೇಕು ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಈ ಪ್ರಯೋಗ ಕೆಸರು ನೀರಿನಲ್ಲಿ ಮಾತ್ರ. ಕಸದ ರಸವನ್ನು ಬಾಟಲಿಯಲ್ಲಿ ತುಂಬಿಸಿ ಮನೆಗೆ ತರಬೇಡಿ, ಕೈಯಿಂದ ಮುಟ್ಟಬೇಡಿ.

ಕಸದ ರಸಕ್ಕೆ ಹಾಕಿದರೆ ಏನಾಗುತ್ತದೆ?

ಇದನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಮಲೇಷ್ಯಾದ ಪೆನಾಂಗ್‌ನ ವಿಶ್ವವಿದ್ಯಾಲಯದವರು ದಾಸವಾಳದ ಎಲೆಯ ಲೋಳೆ, ಇಸಬ್‌ಗೋಲ್ ಸಿಪ್ಪೆ ಮುಂತಾದವನ್ನು ಕಸದ ರಸಕ್ಕೆ ಹಾಕಿ ನೋಡಿದ್ದಾರೆ. ಇಂಥ ಪ್ರಯೋಗಗಳಿಂದ ಕಂಡದ್ದು ಇಷ್ಟು: ತೇಲುವ ಕಣ ಚೆನ್ನಾಗಿ ಇಳಿಯುತ್ತದೆ. ಕಪ್ಪು ಬಣ್ಣ ಸ್ವಲ್ಪ ಮಟ್ಟಿಗೆ ಕಡಿಮೆ ಆಗುತ್ತದೆ. ಕೆಲವು ಲೋಹಗಳೂ ಕಣದ ಜೊತೆ ಕೆಳಗೆ ಹೋಗುತ್ತವೆ. ದಾಸವಾಳ, ಇಸಬ್‌ಗೋಲ್‌ಗಳು ಪಟಿಕದಂಥ ರಾಸಾಯನಿಕದ ಜೊತೆಗೆ ಸಹಾಯಕ್ಕೆ ನಿಂತಾಗಲೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇದರ ಲಾಭ ಏನು? ಪಟಿಕ ಹಾಕಿದರೆ ನೀರು ಹುಳಿಗೆ ತಿರುಗುತ್ತದೆ, ಅದನ್ನು ಸರಿಮಾಡಲು ಸುಣ್ಣ ಹಾಕಬೇಕು. ತಳದಲ್ಲಿ ಅಲ್ಯುಮಿನಿಯಂ ಇರುವ ಕೆಸರು ರಾಶಿ ಬೀಳುತ್ತದೆ. ಗಿಡಮೂಲದ ವಸ್ತು ಬಳಸಿದಷ್ಟು ಪಟಿಕ ಕಡಿಮೆ ಸಾಕು, ಆ ಕೆಸರೂ ಕಡಿಮೆ. ಇದು ಒಳ್ಳೆಯದೇ.

ಆದರೆ ಇದು ಒಂದು ಮೆಟ್ಟಿಲು ಮಾತ್ರ. ದೋಸೆಗೆ ಅಕ್ಕಿ ತೊಳೆಯಬೇಕು, ನೆನೆಸಬೇಕು, ರುಬ್ಬಬೇಕು, ಹುಳಿ ಬರಿಸಬೇಕು, ಆಮೇಲೆ ಕಾವಲಿ. ರುಬ್ಬಿದ ಕೂಡಲೇ ದೋಸೆ ಆಯಿತು ಅಂತ ಯಾರಾದರೂ ಹೇಳ್ತಾರಾ? ಹಾಗೆಯೇ ಕಸದ ರಸವನ್ನು ಸೋರದ ಹೊಂಡದಲ್ಲಿ ಹಿಡಿಯಬೇಕು, ಹೆಪ್ಪು ಹಾಕಿ ಕಣ ಇಳಿಸಬೇಕು, ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸಬೇಕು, ಅಮೋನಿಯಾ ತೆಗೆಯಬೇಕು, ಕೊನೆಗೆ ಶೋಧಕ ಪೊರೆಗಳಲ್ಲಿ ಸೋಸಬೇಕು.

ಯಾವುದು ಹೋಗುವುದಿಲ್ಲ?

ಪುನಃ ಹಾಲಿನ ಉದಾಹರಣೆಗೆ ಬನ್ನಿ. ಹಾಲಿಗೆ ಒಂದು ಚಮಚ ಉಪ್ಪು ಕರಗಿಸಿ, ಆಮೇಲೆ ನಿಂಬೆ ಹಿಂಡಿ ಒಡೆಯಿರಿ. ಗಟ್ಟಿ ತೆಗೆದು ತಿಳಿನೀರು ಬಾಯಿಗೆ ಹಾಕಿದರೆ ಹೇಗಿರುತ್ತದೆ? ಉಪ್ಪುಪ್ಪಾಗಿಯೇ ಇರುತ್ತದೆ. ತೇಲುತ್ತಿದ್ದದ್ದು ಹೋಯಿತು, ಕರಗಿದ್ದು ಉಳಿಯಿತು.

ಕಸದ ರಸದ ನಿಜವಾದ ಅಪಾಯ ಕರಗಿದ್ದರಲ್ಲಿ ಉಂಟು. ಅಮೋನಿಯಾ, ನೈಟ್ರೇಟ್, ಕ್ಲೋರೈಡ್ ಇವು ನುಗ್ಗೆ ಬೀಜಕ್ಕೆ ಬಗ್ಗುವವಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಇಂಥ ನೀರನ್ನು ಹೊಳೆಗೆ ಬಿಡಬೇಕಾದರೆ ಅಮೋನಿಯಾ ಸಾರಜನಕ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು, ತೇಲು ಕಣ 100 ಮೀರಬಾರದು ಎಂದು ಹೇಳಿದ್ದರು. ಹಳೇ ಕಸದ ರಾಶಿಯ ರಸದಲ್ಲಿ ಅಮೋನಿಯಾ ಸಾವಿರ ಮಿಲಿಗ್ರಾಂ ದಾಟುವುದೂ ಉಂಟು. ಬೀಜದ ಪುಡಿಯಿಂದ ತೇಲು ಕಣದ ಲೆಕ್ಕ ಸರಿಯಾಗಬಹುದು, ಅಮೋನಿಯಾದ ಲೆಕ್ಕ ಹಾಗೇ ಉಳಿಯುತ್ತದೆ.

ಅದಕ್ಕೇ ನಾನು ಬಾವಿಗೆ ಹಾಕಬೇಡಿ ಎಂದದ್ದು. ಹಾಕಿದರೆ ನೀರು ತಿಳಿಯಾಗುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ. ಮೊದಲು ಬಣ್ಣ ನೋಡಿ ಹೆದರಿ ಕುಡಿಯದೆ ಇದ್ದ ಮಗು ಈಗ ಕುಡಿಯುತ್ತದೆ. ಕೊಳಕಾಗಿ ಕಾಣುವ ನೀರಿಗಿಂತ ತಿಳಿಯಾಗಿ ಕಾಣುವ ವಿಷದ ನೀರು ಹೆಚ್ಚು ಅಪಾಯ. ಕುದಿಸಿದರೂ ನೈಟ್ರೇಟ್, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟು ಅವು ದಪ್ಪವಾಗುತ್ತವೆ. ನೈಟ್ರೇಟ್ ಹೆಚ್ಚಿದ ನೀರಿನಲ್ಲಿ ಹಸುಗೂಸುಗಳಿಗೆ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗಿ ಮಗು ನೀಲಿಗಟ್ಟುತ್ತದೆ. ಬಾಣಂತಿ, ಮಗು ಇರುವ ಮನೆಯವರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಇನ್ನೊಂದು ವಿಷಯ. ತಳಕ್ಕೆ ಇಳಿದ ಕೆಸರು ಎಲ್ಲಿಗೆ ಹೋಗಬೇಕು? ಗಿಡಮೂಲದ್ದಲ್ಲವಾ, ತೆಂಗಿನ ಬುಡಕ್ಕೆ ಹಾಕೋಣ ಅಂತ ಅನ್ನಿಸಬಹುದು. ಆದರೆ ರಸದಲ್ಲಿದ್ದ ಲೋಹ ಈಗ ಆ ಕೆಸರಿನಲ್ಲಿ ಉಂಟು. ಅದನ್ನು ಗೊಬ್ಬರ ಎಂದು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಸ್ವಲ್ಪ ಲೆಕ್ಕ ಹಾಕೋಣ

ಈಗ ಸಾಲದ ಪ್ರಶ್ನೆ. ಸಂಘದವರು ನಾವು, ಲೆಕ್ಕ ಇಲ್ಲದೆ ನಿರ್ಣಯ ಮಾಡುವುದಿಲ್ಲ.

ಒಂದು ಟ್ಯಾಂಕರ್ ಕಸದ ರಸ 10,000 ಲೀಟರ್ ಇರಲಿ. ಲೀಟರಿಗೆ 2 ಗ್ರಾಂ ಪುಡಿ ಬೇಕು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ಟ್ಯಾಂಕರಿಗೆ 20 ಕಿಲೋ ಪುಡಿ. ಒಂದು ನುಗ್ಗೆ ಬೀಜದ ತಿರುಳು ಸುಮಾರು 0.2 ಗ್ರಾಂ. ಅಂದರೆ ಒಂದು ಲಕ್ಷ ಬೀಜ! ಒಂದು ಕಾಯಿಯಲ್ಲಿ 20 ಬೀಜ ಸಿಕ್ಕಿದರೂ 5,000 ನುಗ್ಗೆಕಾಯಿ ಒಂದೇ ಟ್ಯಾಂಕರಿಗೆ ಹೋಯಿತು. ಸಾಂಬಾರಿಗೆ ಎಲ್ಲಿ ಉಳಿಯಿತು?

ಇನ್ನು ಮಳೆಯ ಲೆಕ್ಕ. ನಮ್ಮ ಕಡೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಎಕರೆ ತೆರೆದ ಕಸದ ರಾಶಿಯ ಮೇಲೆ ಇದು ಸುಮಾರು 1 ಕೋಟಿ 40 ಲಕ್ಷ ಲೀಟರ್ ನೀರು. ಅದರಲ್ಲಿ ಕಾಲು ಭಾಗ ಮಾತ್ರ ಒಳಗಿಳಿದು ರಸವಾಯಿತು ಅಂತ ಹಿಡಿದರೂ 35 ಲಕ್ಷ ಲೀಟರ್, ಅಂದರೆ 350 ಟ್ಯಾಂಕರ್, ಅಂದರೆ 7,000 ಕಿಲೋ ಪುಡಿ. ಒಂದೇ ಎಕರೆಗೆ! ಈ ಲೆಕ್ಕ ನಮಗೆ ಎರಡು ಪಾಠ ಹೇಳುತ್ತದೆ. ಒಂದು, ಕಸದ ರಾಶಿಯನ್ನು ಮಳೆಗಾಲಕ್ಕೆ ಮೊದಲೇ ಮುಚ್ಚಿ, ಸುತ್ತ ಚರಂಡಿ ಮಾಡಿ ಮಳೆ ನೀರನ್ನು ಹೊರಗೇ ತಿರುಗಿಸುವುದು ಎಲ್ಲ ಔಷಧಿಗಿಂತ ದೊಡ್ಡ ಔಷಧಿ. ಎರಡು, ತಿನ್ನುವ ವಸ್ತುವನ್ನು ಇದಕ್ಕೆ ಸುರಿಯುವುದು ನಡೆಯುವ ಮಾತಲ್ಲ. ಎಣ್ಣೆ ತೆಗೆದ ನುಗ್ಗೆ ಬೀಜದ ಹಿಂಡಿಯಲ್ಲೂ ಈ ಗುಣ ಉಳಿದಿರುತ್ತದೆ. ಹುಣಸೆ ಹಣ್ಣು ಬಿಡಿಸಿದಾಗ ಬೀಜ ಹೇಗೂ ಉಳಿಯುತ್ತದೆ. ಇಂಥ ಉಳಿಕೆ ವಸ್ತುವಿನಿಂದ ಮಾಡಿದರೆ ಮಾತ್ರ ಅರ್ಥ ಉಂಟು.

ಹಾಗಾದರೆ ಘಟಕ ಮಾಡಬಾರದಾ? ಬರವಣಿಗೆಯಲ್ಲಿ ಕೊಳ್ಳುವವರು ಯಾರು, ತಿಂಗಳಿಗೆ ಎಷ್ಟು ಕಿಲೋ, ಯಾವ ದರ ಎಂದು ಇಲ್ಲದೆ ಸಾಲ ತೆಗೆಯಬೇಡಿ. ಯಂತ್ರ ಮಾರುವವರು ಬಂದು "ನಗರಸಭೆಯವರು ತೆಗೆದುಕೊಳ್ತಾರೆ" ಎಂದರೆ, ನಗರಸಭೆಯವರ ಪತ್ರ ತೋರಿಸಿ ಅನ್ನಿ. ಬೀಜ ಹಳತಾದರೆ ಶಕ್ತಿ ಕಡಿಮೆಯಾಗುತ್ತದೆ, ಮಾರಾಟವಾಗದೆ ಗೋಣಿಯಲ್ಲಿ ಉಳಿದರೆ ನಷ್ಟ ಸಂಘದ್ದು. ಯಂತ್ರ ಮಾರಿದವರದ್ದಲ್ಲ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ.

ಬಾವಿ ಇರುವವರು ಏನು ಮಾಡಬೇಕು?

1. ಯಾರ್ಡಿನ ಹತ್ತಿರದ, ಅದರ ಇಳಿಜಾರಿನಲ್ಲಿರುವ ಬಾವಿಯ ನೀರನ್ನು ಪರೀಕ್ಷೆ ಆಗುವವರೆಗೆ ಕುಡಿಯಲು, ಅಡುಗೆಗೆ ಬಳಸಬೇಡಿ. ತಿಳಿಯಾಗಿದ್ದರೂ ಬೇಡ.

2. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಕೇಳಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಮಂದಿ ಮಹಿಳೆಯರಿಗೆ ಈ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇಟ್ಟಿದ್ದಾರೆ. ಆ ಐವರಲ್ಲಿ ನಮ್ಮ ಸಂಘದವರು ಯಾಕೆ ಇರಬಾರದು?

3. ಕಿಟ್ಟಿನಲ್ಲಿ ನೈಟ್ರೇಟ್, ಕ್ಲೋರೈಡ್ ಗೊತ್ತಾಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ವಿಷಕಾರಿ ಭಾರ ಲೋಹಗಳ ಪರೀಕ್ಷೆ ಸಾಮಾನ್ಯವಾಗಿ ಕಿಟ್ಟಿನಲ್ಲಿ ಆಗುವುದಿಲ್ಲ. ಅದಕ್ಕೆ ಪ್ರಯೋಗಾಲಯಕ್ಕೇ ಕಳುಹಿಸಬೇಕು. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಮಾಡಿಸಿ.

4. ಫಲಿತಾಂಶದ ಕಾಗದವನ್ನು ಸಂಘದ ಕಡತದಲ್ಲಿ ಇಡಿ. ಬಾಯಿ ಮಾತಿನ ದೂರಿಗೆ ಬೆಲೆ ಕಡಿಮೆ. ತಾರೀಕು, ಸಹಿ, ಮೊಹರು ಇರುವ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಅದನ್ನು ಹಿಡಿದು ಗ್ರಾಮ ಸಭೆಯಲ್ಲಿ ಬದಲಿ ನೀರಿನ ವ್ಯವಸ್ಥೆ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಿ.

ನಾವು ಬೆಳಿಗ್ಗೆ ಮಾಡುವ ಕೆಲಸ

ಇಷ್ಟೆಲ್ಲ ಕೇಳಿದ ಮೇಲೆ ಒಂದು ಪ್ರಶ್ನೆ ನಾವೇ ಕೇಳಿಕೊಳ್ಳಬೇಕು. ಆ ರಸ ಎಲ್ಲಿಂದ ಬಂತು? ಊರಿನ ಕಸದಲ್ಲಿ ಅರ್ಧದಷ್ಟು ಹಸಿ ಕಸ. ಅದು ನಮ್ಮ ಅಡುಗೆ ಮನೆಯಿಂದ ಹೋದದ್ದು. ಹಸಿ ಕಸ ನಮ್ಮ ಹಿತ್ತಿಲಿನ ಗೊಬ್ಬರದ ಗುಂಡಿಯಲ್ಲೇ ಉಳಿದರೆ ರಾಶಿಗೆ ಕೊಳೆಯುವ ವಸ್ತುವೇ ಹೋಗುವುದಿಲ್ಲ. ಸೆಲ್ಲು, ಬಲ್ಬು, ಅವಧಿ ಮುಗಿದ ಮಾತ್ರೆ ಬೇರೆ ಇಟ್ಟರೆ ಲೋಹ, ವಿಷ ರಸಕ್ಕೆ ಸೇರುವುದಿಲ್ಲ. ಹಸಿ, ಒಣ, ಅಪಾಯಕಾರಿ ಎಂದು ಮೂರು ವಿಂಗಡಣೆ ಬೇಕೆಂದು 2016ರ ನಿಯಮವೇ ಹೇಳಿತ್ತು. ನಮ್ಮ ಜಿಲ್ಲೆಗಳಲ್ಲಿ ಸ್ವಚ್ಛ ವಾಹಿನಿ ಓಡಿಸುವ, ಒಣ ಕಸ ವಿಂಗಡಿಸುವ ಸ್ವಸಹಾಯ ಸಂಘದ ಅಕ್ಕಂದಿರು ಇದ್ದಾರೆ. ಅವರು ಕೈಗವಸು ಹಾಕಿ ನಮ್ಮ ಕಸ ಮುಟ್ಟುತ್ತಾರೆ. ಕಸ ಬೆರೆಸದೆ ಕೊಡುವುದು ಅವರಿಗೆ ನಾವು ಕೊಡುವ ಮರ್ಯಾದೆ.

ನಮ್ಮಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಬೈಬಲಿನ ಒಂದು ಪ್ರಸಂಗ ಹೇಳಲು ಅನುಮತಿ ಕೊಡಿ. ಇಸ್ರಯೇಲರು ಮರುಭೂಮಿಯಲ್ಲಿ ಮೂರು ದಿನ ನೀರಿಲ್ಲದೆ ನಡೆದು ಮಾರಾ ಎಂಬಲ್ಲಿಗೆ ಬಂದರು. ಅಲ್ಲಿನ ನೀರು ಕಹಿ. ದೇವರು ಮೋಶೆಗೆ ಒಂದು ಮರ ತೋರಿಸಿದರು. ಅದನ್ನು ನೀರಿಗೆ ಹಾಕಿದಾಗ ನೀರು ಸಿಹಿಯಾಯಿತು. ಈ ಕಥೆಯನ್ನು ನಾವೆಲ್ಲ ಇಲ್ಲಿಗೇ ನಿಲ್ಲಿಸುತ್ತೇವೆ. ಮುಂದಕ್ಕೆ ಓದಿ ನೋಡಿ, ಅದೇ ಜಾಗದಲ್ಲಿ ದೇವರು ಜನರಿಗೆ ಒಂದು ನಿಯಮವನ್ನೂ ಕೊಟ್ಟರು. ಮರವೂ ಬೇಕು, ನಿಯಮವೂ ಬೇಕು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರನ್ನು ಮನುಷ್ಯನ ಮೂಲಭೂತ ಹಕ್ಕು ಎಂದಿದ್ದಾರೆ. ಹಕ್ಕು ಎಂದ ಮೇಲೆ ಅದನ್ನು ಕೇಳಿ ಪಡೆಯುವುದೂ ಕರ್ತವ್ಯ.

ಕಸದ ರಸವನ್ನು ಶುದ್ಧ ಮಾಡುವ ಹೊಣೆ ಯಾರ್ಡು ನಡೆಸುವವರದ್ದು. ಅದನ್ನು ಯಾರ್ಡಿನ ಕೆಳಗೆ ವಾಸಿಸುವ ಹೆಂಗಸರ ಒರಳಿಗೆ, ಅವರ ನುಗ್ಗೆ ಮರಕ್ಕೆ ದಾಟಿಸಲು ನಾವು ಬಿಡಬಾರದು.

ಪ್ರತಿ ಸಂಘದ ಮುಂದಿನ ಸಭೆಯಲ್ಲಿ ಮೂರು ನಿರ್ಣಯ ಬರೆಯಿರಿ: ನಮ್ಮ ಸದಸ್ಯೆಯರ ಎಷ್ಟು ಬಾವಿಗಳು ಯಾರ್ಡಿನ ಇಳಿಜಾರಿನಲ್ಲಿವೆ ಎಂಬ ಪಟ್ಟಿ, ನೀರು ಪರೀಕ್ಷೆಗೆ ಯಾರು ಯಾವ ದಿನ ಪಂಚಾಯಿತಿಗೆ ಹೋಗುತ್ತಾರೆ, ಎಷ್ಟು ಮನೆಯಲ್ಲಿ ಗೊಬ್ಬರದ ಗುಂಡಿ ಆಗಿದೆ. ಪ್ರೇರಕಿಯರು ಈ ಪಟ್ಟಿಯನ್ನು ಮುಂದಿನ ಮಹಾಸಂಘದ ಸಭೆಗೆ ತರಬೇಕಾಗಿ ವಿನಂತಿ.

 ದೇವರು ನಿಮ್ಮ ಮನೆ, ಮಕ್ಕಳು, ಬಾವಿ ನೀರನ್ನು ಕಾಪಾಡಲಿ.